ತುಂಗಭದ್ರೆಯ ನೀರಿಗೆ ಇನ್ನೊಂದು ಪರೀಕ್ಷೆ ಬೇಕು

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಮಾಡಿದ ಮಲಿನ ನದಿಪಾತ್ರಗಳ ಪಟ್ಟಿಯಲ್ಲಿ ಕರ್ನಾಟಕದವು 17 ಇದ್ದವು. ಶಿವಮೊಗ್ಗದಿಂದ ಕೂಡಲಿವರೆಗಿನ ತುಂಗೆ, ಭದ್ರಾವತಿ–ಹೊಳೆಹೊನ್ನೂರು ನಡುವಿನ ಭದ್ರೆ, ಹರಿಹರದಿಂದ ಕೆಳಗಿನ ತುಂಗಭದ್ರೆ ಮೂರೂ ಅದರಲ್ಲಿದ್ದವು. ಕೂಡಲಿಯಲ್ಲಿ ಸೇರಿದ ಎರಡು ಹೊಳೆಗಳ ನೀರು ಹೊನ್ನಾಳಿ ಹಾದೇ ಹರಿಹರ ಮುಟ್ಟಬೇಕು. ಈ ಪಟ್ಟಿಯಿಂದ ಉಪಕಾರವೇ ಆಗಿದೆ. ಯಾವ ಊರಿನಿಂದ ಯಾವ ಊರಿನವರೆಗೆ ಹೊಳೆ ಕೆಟ್ಟಿದೆ ಎಂದು ಹೆಸರು ಹಿಡಿದು ಕೇಳಲು ಜನರಿಗೆ ಆಧಾರ ಸಿಕ್ಕಿತು. ಆದರೆ ಪಟ್ಟಿ ಹಿಡಿದ ಅಳತೆಗೋಲು ತೀರಾ ಗಿಡ್ಡ.

ಆ ಅಳತೆಗೋಲು ಬಿಒಡಿ. ನೀರಿನ ಕೊಳೆಯನ್ನು ತಿಂದು ಮುಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಲೆಕ್ಕ. ಲೀಟರಿಗೆ 3 ಮಿಲಿಗ್ರಾಂ ದಾಟಿದರೆ ಹೊಳೆ ಮಲಿನ. ಆ ಜೀವಿಗಳಲ್ಲಿ ಎಷ್ಟು ನಮ್ಮ ಔಷಧಿಗೆ ಬಗ್ಗದವು ಎಂಬುದು ಈ ಲೆಕ್ಕಕ್ಕೆ ಸಿಗುವುದಿಲ್ಲ.

ಸಿಗಲೇಬೇಕಾದ ಸಂಗತಿ ಅದು. ನುಂಗಿದ ಎಷ್ಟೋ ಆ್ಯಂಟಿಬಯಾಟಿಕ್‌ಗಳ ದೊಡ್ಡ ಪಾಲು ದೇಹದಲ್ಲಿ ಬದಲಾಗದೆ ಮಲಮೂತ್ರದಲ್ಲಿ ಹೊರಬೀಳುತ್ತದೆ. ಮನೆಯ ಹೊಲಸು, ಆಸ್ಪತ್ರೆಯ ಹೊಲಸು ಒಂದೇ ಚರಂಡಿ ಸೇರಿದಾಗ ಬ್ಯಾಕ್ಟೀರಿಯಾಗಳು ಒತ್ತೊತ್ತಾಗಿ, ಔಷಧಿಯ ಅಲ್ಪಸ್ವಲ್ಪ ಅಂಶದ ನಡುವೆಯೇ ಬದುಕುತ್ತವೆ. ಅದನ್ನು ತಾಳಿಕೊಂಡವು ಉಳಿಯುತ್ತವೆ. ಹಾಗೆ ಉಳಿದುಕೊಂಡವು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಮೂಲಕ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ಆ ಗುಣವನ್ನು ದಾಟಿಸುತ್ತವೆ. ಕೊಳಚೆ ಶುದ್ಧೀಕರಣ ಘಟಕ ಬಿಒಡಿಯನ್ನು ಚೆನ್ನಾಗಿ ಇಳಿಸಿಯೂ ಇವುಗಳನ್ನು ಹೊಳೆಗೆ ಬಿಡಬಹುದು. 2017ರ ಕೇಂದ್ರ ನಿಯಮದ ಪ್ರಕಾರ ಘಟಕದಿಂದ ಹೊರಬರುವ 100 ಮಿಲಿಲೀಟರ್ ನೀರಿನಲ್ಲಿ ಮಲದಿಂದ ಬಂದ ಕೋಲಿಫಾರಂ ಬ್ಯಾಕ್ಟೀರಿಯಾ 1000ಕ್ಕಿಂತ ಕಡಿಮೆ ಇದ್ದರೆ ಸಾಕು. ಅದರಲ್ಲಿ ಔಷಧಿಗೆ ಜಗ್ಗದವು ಹತ್ತೋ ಒಂಬೈನೂರೋ, ನಿಯಮಕ್ಕೆ ಎರಡೂ ಒಂದೇ.

ಎಚ್ಚರಿಕೆ ಬರಲಿಲ್ಲ ಎನ್ನುವಂತಿಲ್ಲ. ದೆಹಲಿಯ ಬೀದಿಬದಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ, ನಲ್ಲಿ ನೀರಿನ 50 ಮಾದರಿಗಳಲ್ಲಿ 2ರಲ್ಲಿ ಎನ್‌ಡಿಎಂ-1 ಜೀನ್ ಸಿಕ್ಕಿದ್ದು 2011ರಲ್ಲೇ ಪ್ರಕಟವಾಯಿತು. ಐಸಿಯುವಿನಲ್ಲಿ ಬೇರೆ ದಾರಿಯಿಲ್ಲದಾಗ ಕೊಡುವ ಕಾರ್ಬಪೆನೆಂ ಔಷಧಿಗಳನ್ನೇ ನಿಷ್ಫಲ ಮಾಡುವ ಜೀನ್ ಇದು. ಔಷಧ ಕಾರ್ಖಾನೆಗಳ ತ್ಯಾಜ್ಯನೀರಿನಲ್ಲಿ ಆ್ಯಂಟಿಬಯಾಟಿಕ್ ಎಷ್ಟಿರಬಹುದು ಎಂಬ ಮಿತಿಯನ್ನು ಕೇಂದ್ರ ಸರ್ಕಾರ 2020ರ ಜನವರಿಯ ಕರಡಿನಲ್ಲಿ ಬರೆದಿತ್ತು. 2021ರ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳೇ ಇಲ್ಲ. ಇದನ್ನು ಮರೆವು ಎಂದು ಬಿಡಲಾರೆ. ಗೊತ್ತಿದ್ದೂ ಕೈಬಿಟ್ಟದ್ದು ಇದು.

ಚನ್ನಗಿರಿ ತಾಲ್ಲೂಕಿನ ನಲ್ಲೂರಿನಂಥ ಕಡೆ ಹೊಳೆ ದೂರವಿರಬಹುದು, ಪ್ರಶ್ನೆ ದೂರವಿಲ್ಲ. ಅಡಿಕೆ ತೋಟಕ್ಕೆ ಕೋಳಿಗೊಬ್ಬರ, ಹಿತ್ತಲಲ್ಲಿ ಶೌಚಗುಂಡಿ, ಅಲ್ಲೇ ಪಕ್ಕದಲ್ಲಿ ಬೋರ್‌ವೆಲ್ ಇರುವುದು ಈ ಸೀಮೆಗೆ ಹೊಸದಲ್ಲ. ಜಲಜೀವನ್ ಮಿಷನ್ ಹಳ್ಳಿಯ ಹೆಣ್ಣುಮಕ್ಕಳ ಕೈಗೆ ನೀರು ಪರೀಕ್ಷೆಯ ಕಿಟ್ ಕೊಟ್ಟದ್ದು ನನಗೆ ಬಹಳ ಹಿಡಿಸಿದ ಕೆಲಸ. ಸಣ್ಣ ಬಾಟಲಿಯಲ್ಲಿ ಹಾಕಿಟ್ಟ ನೀರು ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಸೋಂಕಿನ ಗುಮಾನಿ. ಆ ನೀರು ಕುಡಿದು ಜ್ವರ ಬಂದ ಮಗುವಿಗೆ ಯಾವ ಔಷಧಿ ನಾಟೀತು ಎಂಬುದನ್ನು ಮಾತ್ರ ಬಾಟಲಿ ಹೇಳಲಾರದು.

ಅದರ ಸುಳಿವು ಪಡೆಯುವುದು ಕಷ್ಟವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ‘ಟ್ರೈಸೈಕಲ್’ ಎಂಬ ಸರಳ ವಿಧಾನ ಪ್ರಕಟಿಸಿತು. ಮಲದ ಇ. ಕೋಲಿ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಜೊತೆಗೆ ಸೆಫೊಟ್ಯಾಕ್ಸಿಂ ಎಂಬ ಆ್ಯಂಟಿಬಯಾಟಿಕ್ ಬೆರೆಸಿದ ಇನ್ನೊಂದು ತಟ್ಟೆ ಇಟ್ಟು, ಎರಡರ ಎಣಿಕೆ ಹೋಲಿಸುವುದೇ ಅದರ ತಿರುಳು. ಇ. ಕೋಲಿ ಬೆಳೆಸಬಲ್ಲ ಪ್ರಯೋಗಾಲಯಕ್ಕೆ ಇದು ಹೊರಲಾರದ ಹೊರೆಯಲ್ಲ. ಕೂಡಲಿ, ಹೊನ್ನಾಳಿ, ಹರಿಹರದ ನೀರಿಗೆ ಈ ಎರಡನೇ ತಟ್ಟೆ ಇಡದೆ ತುಂಗಭದ್ರೆ ಸುಧಾರಿಸಿತು ಎನ್ನುವ ಯಾವ ವರದಿಯನ್ನೂ ನಾನು ಪೂರ್ತಿ ನಂಬುವುದಿಲ್ಲ.

ಈ ಬ್ಯಾಕ್ಟೀರಿಯಾಗಳು ಔಷಧಿಗೆ ಬಗ್ಗವು, ಕುದಿಯುವ ನೀರಿಗೆ ಬಗ್ಗುತ್ತವೆ. ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ. ಗ್ರಾಮಸಭೆಯಲ್ಲಿ ನೀರಿನ ವರದಿ ಓದುವಾಗ ಎರಡನೇ ತಟ್ಟೆ ಎಲ್ಲಿ ಎಂದು ಕೇಳಿ.