ಗಂಜಾಂ ಪಾದ್ರಿಯ ಅಳತೆಗೋಲು

ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುವುದು ಕಿರಂಗೂರಿನ ಬನ್ನಿಮಂಟಪದಿಂದ. ವರ್ಷಕ್ಕೊಮ್ಮೆಯಾದರೂ ಆ ಊರಿನ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಗಂಜಾಂನಲ್ಲಿ, ಕಾವೇರಿ ಬಳಸಿ ಹರಿಯುವ ದ್ವೀಪದ ಮೇಲೆ, ಇನ್ನೊಂದು ಪುಟ್ಟ ಸಮುದಾಯದ ಹಳೆಯ ದೇವಾಲಯವಿದೆ. ಜನ ಅದನ್ನು ಇವತ್ತಿಗೂ ಅಬ್ಬೆ ದುಬೋಯ್ ಚರ್ಚ್ ಎಂದೇ ಕರೆಯುತ್ತಾರೆ. 1792ರಲ್ಲಿ ಭಾರತಕ್ಕೆ ಬಂದ ಈ ಫ್ರೆಂಚ್ ಪಾದ್ರಿ, 1799ರಲ್ಲಿ ಟಿಪ್ಪುವಿನ ಶ್ರೀರಂಗಪಟ್ಟಣ ಇಂಗ್ಲಿಷರ ಕೈಗೆ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, 1823ರವರೆಗೆ ಇಲ್ಲಿನ ಕ್ರೈಸ್ತರ ನಡುವೆ ಬಾಳಿದರು. ಈ ನೆಲದ ಉಡುಗೆ ಉಟ್ಟರು, ಮಾಂಸಾಹಾರ ಬಿಟ್ಟರು, ಜನರ ಬಾಯಲ್ಲಿ ದೊಡ್ಡಸ್ವಾಮಿಯವರಾದರು. ಹಿಂದೂ ಆಚಾರ ವಿಚಾರಗಳನ್ನು ಕುರಿತ ಅವರ ದೊಡ್ಡ ಗ್ರಂಥದ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ. ಅವರು ಫ್ರಾನ್ಸಿಗೆ ಮರಳಿದ ವರ್ಷವೇ, 1823ರಲ್ಲಿ, ಲಂಡನ್ನಿನಲ್ಲಿ ಅಚ್ಚಾದ ಇನ್ನೊಂದು ಪುಸ್ತಕ ಮಾತ್ರ ಅಷ್ಟಾಗಿ ಓದುಗರ ಕಣ್ಣಿಗೆ ಬಿದ್ದಿಲ್ಲ. ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಗತಿಯನ್ನು ಕುರಿತ ಪತ್ರಗಳ ಸಂಗ್ರಹ ಅದು. ಒಬ್ಬ ಸಾಮಾನ್ಯ ಮನುಷ್ಯ ದಿನನಿತ್ಯದ ಬದುಕಿನಲ್ಲಿ ವಿಶ್ವಾಸದಲ್ಲಿ ಬೆಳೆಯುತ್ತಾನೆಯೇ, ಬೆಳೆದರೆ ಅದನ್ನು ಗುರುತಿಸುವುದು ಹೇಗೆ ಎಂದು ಕೇಳುವವರು ಓದಲೇಬೇಕಾದ ಪುಸ್ತಕವೂ ಹೌದು, ಎಚ್ಚರದಿಂದ ಓದಬೇಕಾದ ಪುಸ್ತಕವೂ ಹೌದು. ಅದರ ಪ್ರಾಮಾಣಿಕತೆ ಪ್ರಶ್ನಾತೀತ. ಅದು ಹಿಡಿದ ಅಳತೆಗೋಲು ಮಾತ್ರ ತಪ್ಪು ಎಂಬುದು ನನ್ನ ವಾದ. ತಪ್ಪೆನ್ನಲು ಬೇಕಾದ ಸಾಕ್ಷ್ಯವೆಲ್ಲ ಅದೇ ಪುಸ್ತಕದಲ್ಲಿ, ಅದೇ ಪಾದ್ರಿಯ ಬದುಕಿನಲ್ಲಿ ಸಿಗುತ್ತದೆ.

ಪುಸ್ತಕದ ತೀರ್ಮಾನ ಕಠೋರವಾದದ್ದು. ಅಂದಿನ ಸ್ಥಿತಿಯಲ್ಲಿ ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ ಎನ್ನುತ್ತಾರೆ ದುಬೋಯ್. ಬರೀ ಬೈಬಲನ್ನು ಅಚ್ಚು ಹಾಕಿಸಿ ಹಂಚುವುದರಿಂದ ಏನೂ ಆಗದು ಎನ್ನುತ್ತಾರೆ. ಅಷ್ಟಕ್ಕೇ ನಿಲ್ಲಿಸದೆ ತಮ್ಮ ಸ್ವಂತ ದುಡಿಮೆಯ ಲೆಕ್ಕವನ್ನೂ ಮುಂದಿಡುತ್ತಾರೆ. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ ತಮ್ಮಿಂದ ಹೊಸದಾಗಿ ಕ್ರೈಸ್ತರಾದವರು ಇನ್ನೂರು ಮುನ್ನೂರು ಮಂದಿ. ಅವರಲ್ಲಿ ಹೆಚ್ಚಿನವರು ದಿಕ್ಕಿಲ್ಲದವರು, ಜಾತಿಯಿಂದ ಹೊರಬಿದ್ದವರು, ಮದುವೆಗೋ ಹೊಟ್ಟೆಪಾಡಿಗೋ ಬಂದವರು. ಬಯಸಿದ ಲಾಭ ಸಿಗದಾಗ ಕೆಲವರು ಬಂದ ದಾರಿಯಲ್ಲೇ ಹೊರಟುಹೋದರು. ಯಾವ ಸ್ವಾರ್ಥವೂ ಇಲ್ಲದೆ ಮನಸಾರೆ ಒಪ್ಪಿ ಬಂದವನು ಎಂದು ಹೇಳಬಹುದಾದ ಒಬ್ಬನೂ ತಮಗೆ ನೆನಪಾಗುತ್ತಿಲ್ಲ ಎಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತಾರೆ. ಯುರೋಪಿನ ಭಕ್ತರಿಂದ ಹಣ ಬರಬೇಕಾದರೆ ಯಶಸ್ಸಿನ ಕಥೆ ಬೇಕಾಗಿದ್ದ ಕಾಲದಲ್ಲಿ ಒಬ್ಬ ಮಿಷನರಿ ಹೀಗೆ ಬರೆಯಲು ಗಟ್ಟಿ ಎದೆ ಬೇಕು. ಮಾರನೆಯ ವರ್ಷವೇ ಉತ್ತರಗಳು ಬಂದವು. ತಿರುನೆಲ್ವೇಲಿ ಕಡೆ ಕೆಲಸ ಮಾಡಿದ್ದ ಜೇಮ್ಸ್ ಹಫ್ 1824ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆದರೆ ಅಂಥ ಉತ್ತರಗಳ ಬಲ ಹೆಚ್ಚಾಗಿ ಶಾಲೆ, ಅನುವಾದ, ಸಭೆಗಳ ಪಟ್ಟಿಯ ಮೇಲೆ ನಿಂತಿದೆ. ದುಬೋಯ್ ಎತ್ತಿದ್ದು ಅದಕ್ಕಿಂತ ಆಳದ ಪ್ರಶ್ನೆ. ಸೇರಿದವರ ಒಳಗೆ ಏನು ನಡೆಯಿತು ಎಂಬ ಪ್ರಶ್ನೆ ಅದು. ಅದಕ್ಕೆ ಪಟ್ಟಿ ಕೊಟ್ಟರೆ ಉತ್ತರವಾಗುವುದಿಲ್ಲ.

ಆ ಒಳಗನ್ನು ದುಬೋಯ್ ನೋಡಿದ್ದು ಎರಡೇ ಘಳಿಗೆಗಳಲ್ಲಿ. ಒಂದು, ಮನುಷ್ಯ ಧರ್ಮಕ್ಕೆ ಕಾಲಿಟ್ಟ ಘಳಿಗೆ. ಆಗ ಅವನ ಉದ್ದೇಶ ಶುದ್ಧವಾಗಿತ್ತೇ ಎಂದು ಕೇಳುತ್ತಾರೆ. ಇನ್ನೊಂದು, ಪ್ರಾಣಕ್ಕೇ ಸಂಚಕಾರ ಬಂದ ಘಳಿಗೆ. ಆಗ ಅವನು ನಿಂತನೇ ಎಂದು ಕೇಳುತ್ತಾರೆ. 1784ರಲ್ಲಿ ಟಿಪ್ಪು ಸುಲ್ತಾನ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಪಟ್ಟಣಕ್ಕೆ ತರಿಸಿದ ಸಂಗತಿ ಪತ್ರಗಳಲ್ಲಿ ಬರುತ್ತದೆ. ಅರವತ್ತು ಸಾವಿರ ಎಂದು ದುಬೋಯ್ ಬರೆಯುತ್ತಾರೆ. ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಬಲವಂತದ ಮುಂದೆ ಅವರೆಲ್ಲ ತಲೆಬಾಗಿದರು, ಅಷ್ಟು ಸಾವಿರ ಜನರಲ್ಲಿ ತನ್ನ ವಿಶ್ವಾಸವನ್ನು ಬಾಯಿಬಿಟ್ಟು ಹೇಳುವ ಧೈರ್ಯ ಒಬ್ಬನಿಗೂ ಬರಲಿಲ್ಲ ಎಂಬುದು ಅವರ ದೂರು. ಆದರೆ ಅದೇ ಪುಟಗಳಲ್ಲಿ ಇನ್ನೊಂದು ಮಾತಿದೆ. ಪಟ್ಟಣ ಬಿದ್ದ ಮೇಲೆ ಆ ಜನ ತಾವಾಗಿಯೇ ತಿರುಗಿ ಬಂದರು. ಸುಮಾರು ಎರಡು ಸಾವಿರ ಮಂದಿ ದುಬೋಯ್ ಅವರ ಕಡೆಗೇ ಬಂದರು. ಇಪ್ಪತ್ತು ಸಾವಿರದಷ್ಟು ಜನ ಮಂಗಳೂರು ಸೀಮೆಗೆ ಮರಳಿ ಹೋಗಿ ಬಿದ್ದುಹೋದ ತಮ್ಮ ದೇವಾಲಯಗಳನ್ನು ಮತ್ತೆ ಎಬ್ಬಿಸಿದರು. ಮೇಲಿನ ವೇಷ ಬದಲಾದರೂ ಎದೆಯೊಳಗಿನ ವಿಶ್ವಾಸ ಹಾಗೆಯೇ ಇತ್ತು ಎಂಬುದು ಆ ಜನ ಕೊಟ್ಟ ವಿವರಣೆ. ಇದನ್ನೆಲ್ಲ ಬರೆದಿಟ್ಟ ಲೇಖಕರು ಇದರಿಂದ ಏನನ್ನೂ ಕಲಿಯದೆ ಮುಂದೆ ಸಾಗುತ್ತಾರೆ. ಪುಸ್ತಕದ ದೊಡ್ಡ ದೋಷ ಇದೇ. 1784ರಿಂದ 1799ರವರೆಗೆ ಹದಿನೈದು ವರ್ಷ. ದೇವಾಲಯವಿಲ್ಲ, ಬಹಿರಂಗ ಪೂಜೆಯಿಲ್ಲ, ಮಕ್ಕಳಿಗೆ ಕಲಿಸುವ ಉಪದೇಶಿಯಿಲ್ಲ. ಸೆರೆಗೆ ಬಂದಾಗ ತೊಟ್ಟಿಲಲ್ಲಿದ್ದ ಮಗು ಬಿಡುಗಡೆಯ ಹೊತ್ತಿಗೆ ಮೀಸೆ ಮೂಡುವ ಹುಡುಗ. ಸಾವಿರಾರು ಮಂದಿ ಇಷ್ಟು ಕಾಲದ ನಂತರವೂ ಮರಳಿ ಬಂದರು ಎಂದರೆ, ಒಂದು ದಿನ ತೋರಲಾರದೆ ಹೋದ ಧೈರ್ಯಕ್ಕಿಂತ ಗಟ್ಟಿಯಾದ ಏನೋ ಒಂದು ಅವರಲ್ಲಿ ಇತ್ತು.

ಕ್ರೈಸ್ತ ಪರಂಪರೆಗೆ ಈ ಪ್ರಶ್ನೆ ಹೊಸದೇನಲ್ಲ. ಕ್ರಿ.ಶ. 250ರ ಸುಮಾರಿಗೆ ರೋಮ್ ಚಕ್ರವರ್ತಿ ಡೀಸಿಯಸ್‌ನ ಕಿರುಕುಳಕ್ಕೆ ಹೆದರಿ ಬಹಳ ಜನ ಕ್ರೈಸ್ತರು ರಾಜ್ಯದೇವತೆಗಳಿಗೆ ಬಲಿ ಅರ್ಪಿಸಿದರು. ಬಿರುಗಾಳಿ ನಿಂತ ಮೇಲೆ ಅವರನ್ನು ಮತ್ತೆ ಸೇರಿಸಿಕೊಳ್ಳಬಹುದೇ ಎಂಬ ಜಗಳ ಎದ್ದಿತು. ಬಿದ್ದವರಿಗೆ ಬಾಗಿಲಿಲ್ಲ ಎಂದು ರೋಮಿನ ನೊವೇಷಿಯನ್ ಹಟ ಹಿಡಿದ. ಪ್ರಾಯಶ್ಚಿತ್ತದ ಹಾದಿಯಲ್ಲಿ ಮರಳಿ ಬರಲಿ ಎಂದು ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಹೇಳಿದ. ಧರ್ಮಸಭೆ ಸಿಪ್ರಿಯನ್ನನ ದಾರಿ ಹಿಡಿಯಿತು. ಯೇಸುವನ್ನು ಅರಿಯೆನೆಂದು ಮೂರು ಸಲ ಹೇಳಿದ ಪೇತ್ರನನ್ನೇ ಹಿರಿಯನನ್ನಾಗಿ ಒಪ್ಪಿಕೊಂಡವರಿಗೆ ಬೇರೆ ದಾರಿಯೂ ಇರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಎರಡು ಸಾವಿರ ಜನರನ್ನು ಎದುರುಗೊಂಡ ದುಬೋಯ್ ನಡೆದುಕೊಂಡದ್ದು ಸಿಪ್ರಿಯನ್ನನಂತೆ. ಲೇಖನಿ ಹಿಡಿದಾಗ ಮಾತಾಡಿದ್ದು ನೊವೇಷಿಯನ್‌ನಂತೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. 1799ರ ನಂತರ ಗೆದ್ದವರು ಇಂಗ್ಲಿಷರು, ಅವರೂ ಕ್ರೈಸ್ತರು. ಆಳುವವರ ಧರ್ಮಕ್ಕೆ ಮರಳುವುದರಲ್ಲಿ ಲಾಭವಿರಲಿಲ್ಲವೇ? ಕೇಳಬೇಕಾದ ಪ್ರಶ್ನೆಯೇ. ಆದರೆ ಅಂದಿನ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಧರ್ಮಪ್ರಚಾರವನ್ನು ಅನುಮಾನದಿಂದ ನೋಡುತ್ತಿತ್ತು. ಮಿಷನರಿಗಳಿಗೆ ಕಾನೂನಿನ ಬಾಗಿಲು ತೆರೆದದ್ದು 1813ರ ಸನದಿನಲ್ಲಿ. ಮೈಸೂರಿನ ಗದ್ದುಗೆಗೆ ಮರಳಿದವರು ಒಡೆಯರು, ಆಡಳಿತ ನಡೆಸಿದವರು ಪೂರ್ಣಯ್ಯ. ಮಂಡ್ಯ ಸೀಮೆಯ ಒಬ್ಬ ಬಡ ಕಥೋಲಿಕನಿಗೆ ಪ್ರೊಟೆಸ್ಟೆಂಟ್ ಕಂಪನಿಯಿಂದ ಸಿಗಬಹುದಾದದ್ದು ಬಹಳ ಕಡಿಮೆ. ಲಾಭದ ಲೆಕ್ಕ ಹಾಕಿದವರೂ ಇದ್ದಿರಬಹುದು. ಆದರೆ ಅದೊಂದೇ ಕಾರಣವಾಗಿದ್ದರೆ ಸ್ವಂತ ಕೈಯಾರೆ ದೇವಾಲಯಗಳನ್ನು ಮತ್ತೆ ಕಟ್ಟುವ ಅಗತ್ಯವಿರಲಿಲ್ಲ.

ಹಾಗಾದರೆ ಆ ಹದಿನೈದು ವರ್ಷ ವಿಶ್ವಾಸವನ್ನು ಕಾದದ್ದು ಯಾವುದು? ದಾಖಲೆ ಬಿಟ್ಟುಹೋದವರಲ್ಲ ಆ ಜನ. ಆದರೆ ಕಥೋಲಿಕ ಮನೆಯ ದಿನಚರಿ ಬಲ್ಲವರಿಗೆ ಊಹೆ ಕಷ್ಟವಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಚಾಪೆ ಹಾಸಿ ಮನೆಮಂದಿಯೆಲ್ಲ ಮೊಣಕಾಲೂರುವ ಜಪಸರದ ಪ್ರಾರ್ಥನೆಗೆ ಪಾದ್ರಿ ಬೇಕಿಲ್ಲ, ಪುಸ್ತಕ ಬೇಕಿಲ್ಲ, ಓದು ಬರಹವೂ ಬೇಕಿಲ್ಲ; ಮಣಿಯ ಸರ ಇಲ್ಲದಿದ್ದರೂ ಬೆರಳುಗಳಿವೆ. ಹಿರಿಯರು ಅರ್ಧ ಹೇಳಿದರೆ ಉಳಿದವರು ಅರ್ಧ ಮುಗಿಸುತ್ತಾರೆ. ಹತ್ತು ಸಲ ನಮೋ ಮರಿಯಾ, ಮತ್ತೆ ಪರಲೋಕ ಪ್ರಾರ್ಥನೆ. ಹೀಗೆ ಐದು ಸುತ್ತು. ಮಕ್ಕಳು ಆಕಳಿಸುತ್ತಾರೆ, ಒಲೆಯ ಮೇಲಿನ ಸಾರಿನ ಕಡೆ ತಾಯಿಯ ಒಂದು ಕಣ್ಣು. ಮೇಲ್ನೋಟಕ್ಕೆ ಇದು ಬರೀ ಬಾಯಿಪಾಠ. ಆದರೆ ಪರಲೋಕ ಪ್ರಾರ್ಥನೆಯೊಳಗೆ ಒಂದು ಷರತ್ತಿದೆ. ನಾವು ಇತರರನ್ನು ಕ್ಷಮಿಸಿದ ಮಟ್ಟಿಗೆ ನಮ್ಮನ್ನೂ ಕ್ಷಮಿಸು ಎಂದು ಕೇಳುವವನು, ಬೆಳಿಗ್ಗೆ ನಾಲೆ ನೀರಿನ ಸರದಿಗೋ ಗದ್ದೆಯ ಬದುವಿಗೋ ಕೈಕೈ ಮಿಲಾಯಿಸಿದ ತಮ್ಮನ ಪಕ್ಕದಲ್ಲೇ ಕೂತು ಆ ಮಾತು ಹೇಳಬೇಕಾಗುತ್ತದೆ. ಒಂದು ದಿನ ತಪ್ಪಿಸಿಕೊಳ್ಳಬಹುದು, ಹತ್ತು ದಿನವೂ ತಪ್ಪಿಸಿಕೊಳ್ಳಬಹುದು. ಆದರೆ ಪ್ರತಿ ಸಂಜೆ ಆ ಮಾತು ಬಂದೇ ಬರುತ್ತದೆ; ಒಂದೋ ಹೇಳುವುದನ್ನು ಬಿಡಬೇಕು, ಇಲ್ಲವೇ ಜಗಳವನ್ನು ಬಿಡಬೇಕು. ಸ್ವಭಾವ ತಿದ್ದಿಕೊಳ್ಳುವುದು ಹೀಗೆ, ಯಾರ ಕಣ್ಣಿಗೂ ಬೀಳದಷ್ಟು ನಿಧಾನವಾಗಿ. ಹದಿನೇಳನೆಯ ಶತಮಾನದ ನಡುವಿನಲ್ಲಿ ಯೇಸುಸಭೆಯ (ಜೆಸ್ವಿಟ್) ಪಾದ್ರಿ ಲಿಯನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಆರಂಭಿಸಿದಾಗ ತಂದದ್ದೂ ಇಂಥದೇ ಶಿಸ್ತಿನ ಪರಂಪರೆ. ದಿನದ ಕೊನೆಗೆ ತನ್ನ ನಡೆನುಡಿಯನ್ನು ತಾನೇ ಒರೆಗೆ ಹಚ್ಚುವ ಆತ್ಮಶೋಧನೆ ಯೇಸುಸಭೆಯವರಿಗೆ ಅದರ ಸ್ಥಾಪಕ ಇನ್ಯಾಶಿಯಸ್ ಹಾಕಿಕೊಟ್ಟ ನಿಯಮ. 1773ರಲ್ಲಿ ಪೋಪರು ಆ ಸಭೆಯನ್ನೇ ವಿಸರ್ಜಿಸಿದಾಗ ಪಾದ್ರಿಗಳ ಬಲ ಕುಸಿಯಿತು. ಮನೆಯ ಅಭ್ಯಾಸಗಳು ಉಳಿದುಕೊಂಡವು.

ಇದನ್ನು ಕಾಣಲು ದುಬೋಯ್ ಅವರಿಗಿಂತ ಯೋಗ್ಯ ಕಣ್ಣು ಇನ್ನೊಂದಿರಲಿಲ್ಲ ಎಂಬುದೇ ನೋವಿನ ಸಂಗತಿ. ಕಂಪನಿ ಸರ್ಕಾರ ಹಣ ಕೊಟ್ಟು ಕೊಂಡ ಅವರ ಹಿಂದೂ ಆಚಾರಗಳ ಗ್ರಂಥದಲ್ಲಿ ಸ್ನಾನ, ಊಟ, ಮಡಿ, ನಾಮಕರಣ, ಶ್ರಾದ್ಧಗಳ ವಿವರ ಎಷ್ಟು ದಟ್ಟವಾಗಿದೆಯೆಂದರೆ, ಧರ್ಮ ಜೀವಂತವಾಗಿರುವುದು ದಿನಬಳಕೆಯ ನಡವಳಿಕೆಯಲ್ಲೇ ಎಂಬುದು ಪುಟಪುಟದಲ್ಲೂ ತಿಳಿಯುತ್ತದೆ. (ಆ ಗ್ರಂಥದ ಬಹುಭಾಗ ಯೇಸುಸಭೆಯ ಕೂರ್ಡೂ ಪಾದ್ರಿಯ ಹಸ್ತಪ್ರತಿಯಿಂದ ಬಂದದ್ದೆಂದು ವಿದ್ವಾಂಸೆ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿಕೊಟ್ಟಿದ್ದಾರೆ, ಆದರೂ ಅದನ್ನು ತನ್ನದಾಗಿಸಿಕೊಂಡವನಿಗೆ ಅದರ ಒಳನೋಟ ದಕ್ಕಿರಲೇಬೇಕು.) ಬ್ರಾಹ್ಮಣನ ಮನೆಯಲ್ಲಿ ಆಚಾರವನ್ನೇ ಧರ್ಮದ ಬೇರೆಂದು ಕಂಡವರು, ತಮ್ಮದೇ ಸಭೆಯ ಬಡವನ ಗುಡಿಸಲಿಗೆ ಬಂದಾಗ ಆಚಾರವನ್ನು ಬದಿಗಿಟ್ಟು ಬುದ್ಧಿಯ ಒಪ್ಪಿಗೆಯನ್ನು ಕೇಳಿದರು.

ದೊಡ್ಡಸ್ವಾಮಿಯವರು ಬದುಕಿದ ರೀತಿ ಅವರ ಪುಸ್ತಕಕ್ಕಿಂತ ದೊಡ್ಡದು. 1803-04ರಲ್ಲಿ, ಸಿಡುಬಿಗೆ ದೇವಿ ಹಾಕುವ ವಿದ್ಯೆ ಭಾರತಕ್ಕೆ ಬಂದು ಎರಡು ವರ್ಷವೂ ಆಗಿರದಿದ್ದಾಗ, ಅವರ ಮೂಲಕ 25,432 ಮಂದಿಗೆ ದೇವಿ ಹಾಕಿಸಿದ ಲೆಕ್ಕ ಸಿಗುತ್ತದೆ. ನೆಲೆ ಕಳೆದುಕೊಂಡ ಕ್ರೈಸ್ತರಿಗೆ ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯದ ನೆಲೆ ಕಟ್ಟಿಕೊಟ್ಟರು. ಅನ್ನಕ್ಕಾಗಿ ಬಂದವರು ಎಂದು ಪುಸ್ತಕದಲ್ಲಿ ಅವರು ಯಾರನ್ನು ಹೀಗಳೆಯುತ್ತಾರೋ ಅಂಥವರಿಗೇ ಅನ್ನದ ದಾರಿ ತೋರಿಸಿದವರೂ ಅವರೇ. ಅದರಲ್ಲಿ ತಪ್ಪೇನೂ ಇಲ್ಲ. ಸುವಾರ್ತೆಗಳಲ್ಲಿ ಯೇಸುವಿನ ಹಿಂದೆ ಹೋದ ಜನಜಂಗುಳಿಯಲ್ಲೂ ಬಹುಪಾಲು ಮಂದಿಗೆ ಬೇಕಿದ್ದದ್ದು ರೊಟ್ಟಿ ಮತ್ತು ರೋಗಪರಿಹಾರ. ಉದ್ದೇಶ ಮೊದಲು ಶುದ್ಧವಾಗಿ ಆಮೇಲೆ ಧರ್ಮ ಬರುವುದಿಲ್ಲ. ಬಂದು ಸೇರಿದ ಮೇಲೆ, ನಡೆಯುತ್ತ ನಡೆಯುತ್ತ, ಉದ್ದೇಶ ತಿಳಿಯಾಗುತ್ತದೆ. ಮಾರ್ಕನ ಸುವಾರ್ತೆಯ ಸಾಮತಿಯಲ್ಲಿ ರೈತ ಬಿತ್ತಿ, ಮಲಗಿ, ಏಳುತ್ತಾನೆ. ಬೀಜ ಹೇಗೆ ಮೊಳೆಯಿತೆಂದು ಅವನಿಗೇ ಗೊತ್ತಾಗುವುದಿಲ್ಲ. ದುಬೋಯ್ ಬಿತ್ತಿದ ಮಾರನೆಯ ದಿನವೇ ಮಣ್ಣು ಕೆದಕಿ ನೋಡಿದರು.

ಬರೀ ಅಭ್ಯಾಸವನ್ನು ಬೆಳವಣಿಗೆ ಎನ್ನಲಾದೀತೇ ಎಂದು ಕೇಳುವವರಿದ್ದಾರೆ. ಆಗದು. ಐವತ್ತು ವರ್ಷ ಜಪಸರ ಎಣಿಸಿಯೂ ಸೊಸೆಯನ್ನು ಕಣ್ಣೀರು ಹಾಕಿಸುವವರು ಯಾವ ಧರ್ಮಕೇಂದ್ರದಲ್ಲೂ ಸಿಗುತ್ತಾರೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಸಂತ ಪೌಲ ಪವಿತ್ರಾತ್ಮದ ಫಲವೆಂದು ಒಂಬತ್ತು ಗುಣಗಳನ್ನು ಹೆಸರಿಸುತ್ತಾನೆ. ಪ್ರೀತಿಯಿಂದ ಶುರುವಾಗಿ ಸಂಯಮದಲ್ಲಿ ಮುಗಿಯುವ ಆ ಪಟ್ಟಿಯಲ್ಲಿ ಪ್ರಾರ್ಥನೆಯ ಎಣಿಕೆಯಾಗಲಿ, ಪೂಜೆಯ ಹಾಜರಿಯಾಗಲಿ ಇಲ್ಲ. ತಾಳ್ಮೆ, ದಯೆ, ಸೌಮ್ಯತೆಗಳೆಲ್ಲ ಇನ್ನೊಬ್ಬ ಮನುಷ್ಯನ ಎದುರಿನಲ್ಲಷ್ಟೇ ಕಾಣುವ ಗುಣಗಳು. ಒಂಟಿಯಾಗಿ ಕೂತವನಲ್ಲಿ ಅವನ್ನು ಪರೀಕ್ಷಿಸಲಾಗದು. ಈ ಗುಣಗಳು ಕ್ರೈಸ್ತರ ಸೊತ್ತೇ ಎಂದರೆ ಅಲ್ಲ, ಇವನ್ನು ಬಸವಣ್ಣನವರೂ ಬಯಸಿದರು, ದಾಸರೂ ಬಯಸಿದರು. ಕ್ರೈಸ್ತನ ದಿನಚರಿಯ ವಿಶೇಷ ಬೇರೆ ಕಡೆ ಇದೆ. ತಾನು ಕ್ಷಮೆ ಪಡೆದವನು, ಆದ್ದರಿಂದ ಕ್ಷಮಿಸಬೇಕಾದವನು ಎಂಬ ಋಣಭಾವ ಆ ಗುಣಗಳಿಗೆಲ್ಲ ತಳಹದಿ. ಅಭ್ಯಾಸದ ಕೆಲಸ ಆ ಋಣವನ್ನು ಮರೆಯಗೊಡದಿರುವುದು. ಮರೆತ ಮೇಲೆ ಅಭ್ಯಾಸ ಒಣಗುತ್ತದೆ, ಅಷ್ಟೇ.

ಈ ಅಳತೆಯಲ್ಲಿ ನೋಡಿದಾಗ ದುಬೋಯ್ ಅವರ ಒಂದು ಟೀಕೆ ಮಾತ್ರ ಇಂದಿಗೂ ಅಲುಗಾಡದೆ ನಿಲ್ಲುತ್ತದೆ. ಕ್ರೈಸ್ತರಾದವರು ಜಾತಿಯನ್ನು ಬಿಟ್ಟು ಬರಲಿಲ್ಲ ಎಂದು ಅವರು ಕಂಡರು, ಬರೆದರು. ಆದರೆ ಕೆಳಜಾತಿಯವರ ಸಂಪರ್ಕದಿಂದ ತಮ್ಮ ಮರ್ಯಾದೆಗೆ ಕುಂದು ಬರಬಾರದೆಂದು ಮೇಲ್ಜಾತಿಯ ನಡೆನುಡಿಯನ್ನೇ ಹಿಡಿದ ಮಿಷನರಿ ಪರಂಪರೆಯವರು ಅವರೂ ಹೌದು. ಆ ತಪ್ಪನ್ನು ಮಂದೆಯ ತಲೆಗೆ ಮಾತ್ರ ಕಟ್ಟುವುದು ನ್ಯಾಯವಲ್ಲ. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಬಿಷಪರ ಮಂಡಳಿ ದಲಿತ ಸಬಲೀಕರಣದ ನೀತಿಯನ್ನು ಹೊರತಂದಾಗ, ಅಸ್ಪೃಶ್ಯತೆ ಧರ್ಮಸಭೆಯ ಒಳಗೂ ಇದೆಯೆಂದು ಒಪ್ಪಿಕೊಳ್ಳಬೇಕಾಯಿತು. ನೀತಿಯ ಕಾಗದ ಬೇಕು. ಆದರೆ ಕ್ಷಮೆ ಕೇಳುವ ಪ್ರಾರ್ಥನೆಯನ್ನು ದಿನಾ ಸಂಜೆ ಹೇಳುವ ಮನೆಗೆ ಒಬ್ಬ ದಲಿತ ಕ್ರೈಸ್ತ ಹೆಣ್ಣುಮಗಳು ಸೊಸೆಯಾಗಿ ಬರಬಲ್ಲಳೇ, ಅವಳು ತೋಡಿದ ನೀರನ್ನು ಅತ್ತೆ ಕುಡಿಯುತ್ತಾಳೆಯೇ, ಸತ್ತಾಗ ಎಲ್ಲರಿಗೂ ಒಂದೇ ಸ್ಮಶಾನವಿದೆಯೇ ಎಂಬ ಪ್ರಶ್ನೆಗಳಿಗೆ ಮನೆಗಳೇ ಉತ್ತರಿಸಬೇಕು. ಇಲ್ಲ ಎನ್ನುವ ಮನೆಗಳಿರುವ ತನಕ, ಗಂಜಾಂನ ಪಾದ್ರಿ 1823ರಲ್ಲಿ ಹೊರಿಸಿದ ಆರೋಪ ಅಂಥ ಮನೆಗಳ ಮೇಲೆ ಇನ್ನೂ ಇದೆ. ಅಲ್ಲಿ ಎಣಿಸಿದ ಜಪಸರಗಳನ್ನು ಯಾರೂ ಅದಕ್ಕೆ ಉತ್ತರವಾಗಿ ತೋರಿಸುವಂತಿಲ್ಲ.