ಕಂಠಕ್ಕೊಂದು, ಲಯಕ್ಕೊಂದು

ಸಂಗೀತವನ್ನು ಸಭೆಯಲ್ಲಿ ಕುಳಿತು ಕೇಳುವ ಭಾಗ್ಯ ನಿತ್ಯವೂ ಒದಗುವಂಥದಲ್ಲವಾದುದರಿಂದ ನಮ್ಮಲ್ಲಿ ಬಹುಮಂದಿಗೆ ಧ್ವನಿಮುದ್ರಿಕೆಯೇ ಆಶ್ರಯ. ಆ ಮುದ್ರಿಕೆಗೂ ಕಿವಿಗೂ ನಡುವೆ ನಿಲ್ಲುವ ಹೆಡ್‌ಫೋನನ್ನು, ವಾದ್ಯವೊಂದನ್ನು ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ ಪರೀಕ್ಷಿಸುವುದು ಆ ಕಾರಣದಿಂದಲೇ ಉಚಿತವಾದುದು. ಇಲ್ಲಿ ವಿವೇಚನೆಗೆ ಎತ್ತಿಕೊಂಡಿರುವವು ಎರಡು: ಜಪಾನಿನ ಸೋನಿ ಸಂಸ್ಥೆ 1991ರಲ್ಲಿ ಹೊರತಂದ ಎಂಡಿಆರ್-7506, ಜರ್ಮನಿಯ ಸೆನ್‌ಹೈಸರ್ ಸಂಸ್ಥೆ 1997ರಲ್ಲಿ ಹೊರತಂದ ಎಚ್‌ಡಿ 600. ಹೊಸ ಮಾದರಿಗಳ ನೂಕುನುಗ್ಗಲಿನ ನಡುವೆಯೂ ಎರಡೂ ತಮ್ಮ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ. ಸೋನಿ ಸ್ಟುಡಿಯೋಗಳಲ್ಲಿಯೂ ಬಾನುಲಿ ಕೇಂದ್ರಗಳಲ್ಲಿಯೂ ದುಡಿಯುವಂಥದು. ಸೆನ್‌ಹೈಸರ್ ಮನೆಯ ಏಕಾಂತದಲ್ಲಿ ಆಲಿಸುವ ರಸಿಕರಿಗೆ ಪ್ರಿಯವಾದುದು. ಇವುಗಳಲ್ಲಿ ಯಾವುದು ಮೇಲೆಂದು ನಿರ್ಣಯಿಸುವ ಮೊದಲು, ಯಾವ ಸಂಗೀತಕ್ಕೆ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಭೇದದ ಮೂಲ ರಚನೆಯಲ್ಲಿದೆ. ಹೆಡ್‌ಫೋನಿನೊಳಗಿನ ತೆಳುಪೊರೆ ಕಂಪಿಸುವಾಗ ಮುಂದಕ್ಕೆ ಹೊಮ್ಮಿದಂತೆ ಹಿಂದಕ್ಕೂ ನಾದ ಹೊಮ್ಮುವುದಷ್ಟೆ. ಆ ಹಿಂದಿನ ನಾದಕ್ಕೆ ಯಾವ ಗತಿಯನ್ನು ಕಾಣಿಸಬೇಕೆಂಬಲ್ಲಿಯೇ ಮಾರ್ಗಗಳು ಕವಲೊಡೆಯುತ್ತವೆ. ಎಚ್‌ಡಿ 600ರ ಬೆನ್ನು ಲೋಹದ ಜಾಲರಿ. ನಾದವು ಅದರ ಮೂಲಕ ನಿರಾತಂಕವಾಗಿ ಹೊರಟುಹೋಗುವುದರಿಂದ ಒಳಗೆ ಪ್ರತಿಧ್ವನಿಯ ಕಲಬೆರಕೆ ಇಲ್ಲ. ಆದರೆ ಬೀದಿಯ ಸದ್ದು ತಡೆಯಿಲ್ಲದೆ ಒಳಬರುತ್ತದೆ, ಮತ್ತು ಹಿಂದಿನ ಮಂದ್ರತರಂಗಗಳು ಸುತ್ತಿಬಂದು ಮುಂದಿನವನ್ನು ಅಳಿಸುವುದರಿಂದ ತೀರ ಕೆಳಗಿನ ನಾದಗಳ ಬಲ ಕುಂದುತ್ತದೆ. 7506ರ ಬೆನ್ನು ಮುಚ್ಚಿದುದು. ಮೆತ್ತೆ ಕಿವಿಯ ಸುತ್ತ ಬಿಗಿಯಾಗಿ ಕುಳಿತಾಗ ಮಂದ್ರವು ಪುಷ್ಟವಾಗಿ ನಿಲ್ಲುವುದು. ಕನ್ನಡಕದ ಕಡ್ಡಿ ಮೆತ್ತೆಯನ್ನೆತ್ತಿ ಸಂದು ಮಾಡಿದರೆ ಅದೇ ಮಂದ್ರ ಸೋರಿಹೋಗುವುದು. ಒಳಗೆ ಸಿಕ್ಕಿಕೊಂಡ ನಾದದ ಒಂದಂಶ ಗೋಡೆಗೆ ಬಡಿದು ಹಿಂದಿರುಗುವುದೂ ಉಂಟು.

ಖಯಾಲ್ ಗಾಯನಕ್ಕೆ ಇವನ್ನು ಹಚ್ಚಿ ನೋಡೋಣ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರ (1910–1992) ಮುದ್ರಿಕೆಗಳಲ್ಲಿ, ಜೈಪುರ-ಅತ್ರೌಲಿ ಘರಾಣೆಯ ತೆರೆದ ಆಕಾರವು ಸ್ವರದಿಂದ ಸ್ವರಕ್ಕೆ ಬಿರುಕಿಲ್ಲದೆ ಹರಿದು, ಆವರ್ತನದ ಕೊನೆಯಲ್ಲಿ ಸಮದ ಮೇಲೆ ನಿಶ್ಚಯವಾಗಿ ಬಂದಿಳಿಯುವ ಪರಿಯನ್ನು ಎಚ್‌ಡಿ 600 ಯಾವ ಬಣ್ಣವನ್ನೂ ಲೇಪಿಸದೆ ಮುಂದಿಡುತ್ತದೆ. ಅವರ ಕಂಠ ಷಡ್ಜಕ್ಕೆ ಬಂದು ನಿಂತು, ತಂಬೂರಿಯ ತಂತಿಗಳಿಂದ ಒಂದರ ಮೇಲೊಂದಾಗಿ ಏಳುವ ಉಪಸ್ವರಗಳಲ್ಲಿ ಬೆರೆಯುವ ಆ ಗಳಿಗೆಯಲ್ಲಿ, ಕಂಠ ಎಲ್ಲಿ ಮುಗಿಯಿತು, ತಂಬೂರಿ ಎಲ್ಲಿ ಮೊದಲಾಯಿತು ಎಂಬ ಗೆರೆ ಅಳಿಸಿಹೋಗುತ್ತದೆ. ಶ್ರುತಿಶುದ್ಧಿಯೆಂದು ಹಿರಿಯರು ಕೊಂಡಾಡುವುದು ಇದನ್ನೇ. 7506ರಲ್ಲಿ ಅದೇ ಭಾಗವನ್ನು ಕೇಳಿದರೆ ಆ ಗೆರೆ ಮತ್ತೆ ಮೂಡುತ್ತದೆ. ಸೋನಿಯ ಒಲವು ತಾರದ ಕಡೆಗಾದುದರಿಂದ ತಂಬೂರಿಯ ಝೇಂಕಾರ ಮೊನಚಾಗಿ ಮುಂದೆ ಬರುತ್ತದೆ, ಹಳೆಯ ಮುದ್ರಿಕೆಯ ಸರಸರ ಸದ್ದು ಎದ್ದು ಕೇಳುತ್ತದೆ, ಕಂಠದ ಮಾಂಸಲತೆ ಕೊಂಚ ಸೊರಗುತ್ತದೆ. ದೋಷವನ್ನು ಹುಡುಕಿ ತೆಗೆಯುವುದೇ ಕಸುಬಾದ ಮುದ್ರಣಕಾರನಿಗೆ ಈ ನಿಷ್ಠುರತೆ ದೊಡ್ಡ ಉಪಕಾರ. ರಾಗದಲ್ಲಿ ನೆಲೆಸಬಯಸುವ ಕೇಳುಗನಿಗೆ ಅದು ವಿಘ್ನ.

ಸ್ಟುಡಿಯೋದಲ್ಲಿ ಪದರ ಪದರವಾಗಿ ಕಟ್ಟಿದ ಸಂಗೀತಕ್ಕೆ ಬಂದಾಗ ತಕ್ಕಡಿ ಸೋನಿಯತ್ತ ವಾಲುತ್ತದೆ. 1981ರ ‘ಗೀತಾ’ ಚಿತ್ರದಲ್ಲಿ ಇಳಯರಾಜರು ಬೇಸ್ ಗಿಟಾರನ್ನು ಹಿನ್ನೆಲೆಯ ಊರುಗೋಲಾಗಿ ನಿಲ್ಲಿಸದೆ, ಹಾಡಿನ ಕೆಳಗೆ ಹರಿಯುವ ಎರಡನೆಯ ಹಾಡನ್ನಾಗಿ ನಡೆಯಿಸಿದ್ದಾರೆ. ಆ ಗಿಟಾರಿನ ಅತ್ಯಂತ ಕೆಳಗಿನ ತಂತಿಯ ಸ್ವರ ಸುಮಾರು 41 ಹರ್ಟ್ಸ್. ಎಚ್‌ಡಿ 600ರ ಬಲ ಕುಂದುವುದು ಆ ನೆರೆಯಲ್ಲಿಯೇ. 7506ರಲ್ಲಿ ಅದರ ಒಂದೊಂದು ಹೆಜ್ಜೆಗೂ ತೂಕವಿದೆ. ಮೈಕಲ್ ಜಾಕ್ಸನ್ನರ 1982ರ ‘ಥ್ರಿಲ್ಲರ್’ ಸಂಪುಟದ ‘ಬಿಲ್ಲಿ ಜೀನ್’ ಬರಿಯ ಡ್ರಮ್ಮಿನಿಂದ ಮೊದಲಾಗಿ, ಬಳಿಕ ಬೇಸ್ ಬಂದು ಸೇರಿಕೊಳ್ಳುವುದು. ಸೋನಿಯಲ್ಲಿ ಆ ಆಗಮನವನ್ನು ಮೈಯೇ ಗುರುತಿಸುತ್ತದೆ, ಸೆನ್‌ಹೈಸರಿನಲ್ಲಿ ಬುದ್ಧಿ ಗುರುತಿಸಿ ಮೆಚ್ಚುತ್ತದೆ. ಕುಣಿತಕ್ಕೆಂದು ಹುಟ್ಟಿದ ಸಂಗೀತದಲ್ಲಿ ಈ ಅಂತರ ಅಲ್ಪವಾದುದಲ್ಲ.

ನಮ್ಮ ಕರ್ನಾಟಕ ಸಂಗೀತದ ಕಚೇರಿ ಈ ಎರಡೂ ಬೇಡಿಕೆಗಳನ್ನು ಒಟ್ಟಿಗೆ ಮುಂದಿಡುತ್ತದೆ. ಗಾಯಕನ ಗಮಕವೂ ಅದನ್ನು ನೆರಳಿನಂತೆ ಅನುಸರಿಸುವ ಪಿಟೀಲೂ ಎಚ್‌ಡಿ 600ರಲ್ಲಿ ಪರಸ್ಪರ ಸಹಜವಾದ ಪ್ರಮಾಣದಲ್ಲಿ ಕೇಳಿಸುವುವು. ತನಿ ಆವರ್ತನದಲ್ಲಿ, ರವೆಯ ಲೇಪವುಳ್ಳ ಮೃದಂಗದ ಎಡಮುಖದಿಂದೇಳುವ ಗುಂಕಿ ಸೋನಿಯಲ್ಲಿ ದುಂಡಗೆ ಬರುವುದು, ಬಲಮುಖದ ಚಾಪು ಅಂಚು ಕಟ್ಟಿದಂತೆ ಕೇಳುವುದು. ಆದರೆ ಕಚೇರಿಯಲ್ಲಿ ಬಹುಕಾಲ ನಡೆಯುವುದು ಗಾಯನ; ತನಿ ಅದರ ಒಂದು ಭಾಗ ಮಾತ್ರ.

ಅನುಕೂಲದ ಮಾತನ್ನು ಬೇಗ ಮುಗಿಸಬಹುದು. ಎಚ್‌ಡಿ 600ರ ವಿದ್ಯುತ್ಪ್ರತಿರೋಧ 300 ಓಮ್. ಮೊಬೈಲಿನ ಅಲ್ಪ ವೋಲ್ಟೇಜಿಗೆ ಅದು ಪೂರ್ಣವಾಗಿ ಅರಳದು, ಜೊತೆಗೊಂದು ಆಂಪ್ಲಿಫೈಯರ್ ಬೇಕು. 63 ಓಮಿನ 7506 ಯಾವ ಸಾಧನಕ್ಕಾದರೂ ಒಗ್ಗುತ್ತದೆ, ಮಡಿಸಿ ಚೀಲಕ್ಕೆ ಹಾಕಿಕೊಳ್ಳಬಹುದು, ಬೆಲೆಯೂ ಕಡಮೆ. ಬಸ್ಸು ರೈಲುಗಳಲ್ಲಿ ಕೇಳುವವರಿಗೆ ಎಚ್‌ಡಿ 600 ಸಲ್ಲದು.

ಇಷ್ಟನ್ನು ತೂಗಿಯೂ, ಒಂದನ್ನೇ ಇಟ್ಟುಕೊಳ್ಳಬೇಕಾದರೆ ನನ್ನ ಒಪ್ಪಿಗೆ ಎಚ್‌ಡಿ 600ಕ್ಕೆ. ಈ ಪಕ್ಷಪಾತಕ್ಕೆ ಕಾರಣ ಶ್ರವಣದ ಸ್ವಭಾವದಲ್ಲಿಯೇ ಇದೆ. ಮಂದ್ರಸ್ವರವೊಂದರ ಮೂಲನಾದ ಕ್ಷೀಣವಾಗಿದ್ದರೂ, ಅದರ ಉಪಸ್ವರಗಳು ಸ್ಪಷ್ಟವಾಗಿ ಕೇಳಿಸುತ್ತಿದ್ದರೆ ಮನಸ್ಸು ಆ ಸ್ವರಸ್ಥಾನವನ್ನು ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಪೆಟ್ಟಿನ ಭಾರ ಕಡಮೆಯಾದರೂ ಗೀತದ ನಡೆ ಕೆಡದು. ಕಂಠದ ವಿಷಯ ಹಾಗಲ್ಲ. ಮನುಷ್ಯನ ಕಿವಿ ಅತ್ಯಂತ ಚುರುಕಾಗಿರುವುದು 2000ದಿಂದ 5000 ಹರ್ಟ್ಸ್‌ವರೆಗಿನ ಪ್ರದೇಶದಲ್ಲಿ, ಹಾಡುವವರ ಉಚ್ಚಾರಣೆಯೂ ಕಂಠದ ಕಾಂತಿಯೂ ನೆಲೆಸಿರುವ ಪ್ರದೇಶದಲ್ಲಿ. ಅಲ್ಲಿ ಹತ್ತಿದ ಹೊರಬಣ್ಣವನ್ನು ಕಳೆದು ಮೂಲವನ್ನು ಕಂಡುಕೊಳ್ಳುವ ಉಪಾಯ ಮನಸ್ಸಿಗೆ ತಿಳಿಯದು. ಕೊರತೆಯನ್ನು ಕೇಳುಗನು ತುಂಬಿಕೊಂಡಾನು, ವಿಕಾರವನ್ನು ತಿದ್ದಿಕೊಳ್ಳಲಾರ. ಲಯಪ್ರಧಾನವಾದ ಸಂಗೀತವೇ ಜೀವನವಾದವರು ನಿಸ್ಸಂಕೋಚವಾಗಿ 7506ನ್ನು ಆರಿಸಿಕೊಳ್ಳಲಿ. ಕಂಠವನ್ನು ನಾದದ ಕೇಂದ್ರವೆಂದು ನಂಬಿದವರಿಗೆ ಎಚ್‌ಡಿ 600 ತಕ್ಕುದು.