‘ನಿಘಂಟು’ ಮತ್ತು ‘ಶಬ್ದಕೋಶ’: ಶಾಸನಭಾಷೆಯ ವಿವೇಚನೆಯಲ್ಲಿ ಒಂದು ಪಾರಿಭಾಷಿಕ ತೊಡಕು

ಶಿಕಾರಿಪುರ, ಸೊರಬ ಸೀಮೆಯ ಶಾಸನಭಾಷೆಯನ್ನು ವಿವೇಚಿಸುವಾಗ ‘ಶಬ್ದಕೋಶ’ ಎಂಬ ಒಂದೇ ಪದ ಎರಡು ಅರ್ಥಗಳನ್ನು ಹೊರುವುದುಂಟು: ಶಾಸನಪಾಠಗಳಲ್ಲಿ ದೊರೆತ ಪದಗಳ ಪಟ್ಟಿ, ಆ ಕಾಲದ ಭಾಷಿಕರ ಒಟ್ಟು ಪದಸಂಪತ್ತು. ಈ ಬೆರಕೆ ತಪ್ಪು ನಿರ್ಣಯಗಳಿಗೆ ಎಡೆಮಾಡುತ್ತದೆ.

‘ನಿಘಂಟು’ ಪದದ ನಿಷ್ಪತ್ತಿ ಇಲ್ಲಿ ಗಮನಾರ್ಹ. ಯಾಸ್ಕನು ನಿರುಕ್ತದ ಆರಂಭದಲ್ಲಿ ಅದನ್ನು ವೇದಪಾಠಗಳಿಂದ ಆಯ್ದು ಕೂಡಿಸಿದ ಪದಗಳೆಂದು ವಿವರಿಸುತ್ತಾನೆ. ಔಪಮನ್ಯವನ ಮತದಂತೆ ‘ನಿಗಂತು’ವೇ ‘ನಿಘಂಟು’ ಆಯಿತು. ಧ್ವನಿವ್ಯತ್ಯಾಸದ ವಿವರಣೆ ಚರ್ಚಾರ್ಹವಾದರೂ ಆಶಯ ಸ್ಪಷ್ಟ: ನಿಘಂಟು ಗೊತ್ತಾದ ಪಾಠಕ್ಕೆ ಬದ್ಧ. ‘ಕೋಶ’ಕ್ಕಾದರೋ ಒರೆ, ಬೊಕ್ಕಸ ಎಂಬ ಅರ್ಥಗಳಿವೆ, ಬೊಕ್ಕಸವೆಂಬ ರೂಪಕವು ಸಂಗ್ರಹ ಪೂರ್ಣವೆಂಬ ಭಾವನೆ ಮೂಡಿಸುತ್ತದೆ.

ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ 7ನೆಯ (1902) ಮತ್ತು 8ನೆಯ (1904) ಸಂಪುಟಗಳಲ್ಲಿ ಕ್ರಮವಾಗಿ ಈ ತಾಲ್ಲೂಕುಗಳ ಶಾಸನಗಳಿವೆ. ದತ್ತಿಶಾಸನಗಳಲ್ಲಿ ‘ಮತ್ತರು’, ‘ಗದ್ಯಾಣ’, ‘ಸುಂಕ’. ವೀರಗಲ್ಲುಗಳಲ್ಲಿ ‘ತುರು’, ‘ಕಾದು’. ಪದಗಳ ಆಯ್ಕೆ ಬರಹದ ಉದ್ದೇಶಕ್ಕೆ ಅಧೀನ. ಅಡುಗೆಮನೆಯ ಮಾತಿಗೆ ಅಲ್ಲಿ ಅವಕಾಶ ವಿರಳ. ಬಳ್ಳಿಗಾವೆಯ 1162ರ ಶಾಸನವು ಕೋಡಿಯಮಠದಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳ ವ್ಯಾಖ್ಯಾನ ನಡೆಯುತ್ತಿತ್ತೆಂದು ಹೇಳುತ್ತದೆ. ಅಂಥ ವಿದ್ವತ್‌ಪರಿಸರದ ಶಾಸನದಲ್ಲಿರುವ ಸಂಸ್ಕೃತಪದಗಳ ಪ್ರಮಾಣದಿಂದ ಊರಿನ ಆಡುಮಾತನ್ನು ಅಳೆಯಲಾಗದು.

ಇಂದು ‘ನಿಘಂಟು’ ಎಲ್ಲ ಬಗೆಯ ಅರ್ಥಕೋಶಗಳಿಗೂ ಸಲ್ಲುತ್ತದೆ. ಆದಕಾರಣ ಪಾಠಬದ್ಧ ಪಟ್ಟಿಗೆ ‘ಶಾಸನನಿಘಂಟು’, ಭಾಷಿಕ ಸಮುದಾಯದ ಪದಗಳಿಗೆ ‘ಪದಸಂಪತ್ತು’ ಎಂಬ ವಿಭಾಗವು ಯುಕ್ತ. ಶಾಸನದಲ್ಲಿ ಕಾಣದ ಪದ ಭಾಷೆಯಲ್ಲೇ ಇರಲಿಲ್ಲವೆಂಬ ದುಡುಕಿನ ತೀರ್ಮಾನಕ್ಕೆ ಆಗ ಕಡಿವಾಣ ಬೀಳುತ್ತದೆ.